ಸುಣ್ಣಕಟ್ಟು

ಅವ್ವನ ಮೊಣಕೈ ಮೇಲೆ ಬಿಳಿ ಹೊಟ್ಟು ಏಳಲು ಶುರುವಾದಾಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಆಮೇಲೆ ಅಂಗೈಗೂ ಬಂತು. ಕೆಂಪಗೆ ಉರಿಯುವ ಚರ್ಮ, ಅದರ ಮೇಲೆ ಹೊಟ್ಟು. ರಾಮನಗರದ ಹತ್ತಿರ ಕೈಲಾಂಚದ ಕಡೆ ನಮ್ಮದು ಎರಡು ಎಕರೆ ಹಿಪ್ಪುನೇರಳೆ. ಹುಳದ ಮನೆ ನಡೆಯುತ್ತಿದ್ದುದು ಅವ್ವನ ಕೈಯಲ್ಲಿ. ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ, ನಾಳೆ ಜ್ವರಕ್ಕೆ ಕೂರುತ್ತವೆ ಎನ್ನುತ್ತಿದ್ದಳು. ಹುಳು ಮೇಯುವುದು ಬಿಟ್ಟು ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವಳ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ.

ಆ ಮಳೆಗಾಲ ಹುಳುಗಳಿಗೆ ಸುಣ್ಣಕಟ್ಟು ಬಂತು. ಸತ್ತ ಹುಳು ಬಿಳುಪೇರಿ ಸೀಮೆಸುಣ್ಣದ ತುಂಡಿನಂತೆ ಸೆಟೆದುಕೊಳ್ಳುವ ರೋಗ. ಅದು ಬೂಷ್ಟಿನಿಂದ ಬರುತ್ತದೆಂದು ಪುಸ್ತಕದಲ್ಲಿ ಓದಿದವನು ನಾನೇ. ಆದರೂ ತಟ್ಟೆ ತುಂಬ ಬಿಳಿ ಹುಳು ಕಂಡಾಗ ನಾನು ತಿರುಗಿ ನೋಡಿದ್ದು ಅವ್ವನ ಕೈಯನ್ನು. ಅವಳ ಕೈಯಿಂದಲೇ ಹುಳುಗಳಿಗೆ ಅಂಟಿತೆಂದು ಊರವರು ಆಡಿಕೊಂಡರು, ನಿಜ. ಆದರೆ ಬಾಯಿಬಿಟ್ಟು ಹೇಳಿದ್ದು ನಾನು.

“ಇನ್ಮೇಲೆ ನೀನು ಒಳಕ್ಕೆ ಬರ್ಬ್ಯಾಡ ಕಣವ್ವ.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಹೊಸ್ತಿಲಲ್ಲೇ ಇಟ್ಟು ಹೋದಳು.

ಓದಿದ ಮುಠ್ಠಾಳ ಎಂದರೆ ನಾನೇ. ವರ್ಷ ಕಳೆದ ಮೇಲೆ ಅವ್ವನನ್ನು ರಾಮನಗರದಲ್ಲಿ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಇದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ ಎಂದರು. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ದಾರಿ ತಪ್ಪಿ ತನ್ನದೇ ಚರ್ಮದ ಮೇಲೆ ಬಿದ್ದಿದೆ. ತಿಂಗಳಿಗೆ ಮೂಡಬೇಕಾದ ಚರ್ಮ ನಾಲ್ಕೈದು ದಿನಕ್ಕೇ ಮೇಲೆದ್ದು ಉದುರುತ್ತಿದೆ. ಮನಸ್ಸಿಗೆ ಹಚ್ಚಿಕೊಂಡರೆ ಇನ್ನೂ ಕೆರಳುತ್ತದೆ. ಬಸ್ಸಿನಲ್ಲಿ ಅದನ್ನೇ ಮೂರು ಸಲ ಹೇಳಿ, ಹುಳದ ಮನೆಗೆ ಬಾ ಎಂದು ಬೇಡಿಕೊಂಡೆ. ಅವಳು ಒಲ್ಲೆ ಎಂದಳು. ಮುಲಾಮು ಹಚ್ಚಿಕೊಂಡಳು, ಮಾತ್ರೆ ನುಂಗಿದಳು, ಬಾಗಿಲು ಮಾತ್ರ ದಾಟಲಿಲ್ಲ. ಸಂಜೆ ಹೊರಗೆ ನಿಂತು ಸದ್ದು ಕೇಳಿ, ನಾಳೆ ಸೊಪ್ಪು ಹಾಕಬೇಡ ಎಂದಷ್ಟೇ ಹೇಳುತ್ತಿದ್ದಳು.

ಕಳೆದ ಮಳೆಗಾಲ ಸುಣ್ಣಕಟ್ಟು ಮತ್ತೆ ಬಂತು. ಹೇಳಲು ನಾಚಿಕೆ, ಬೆಳೆ ಹಾಳಾದರೂ ನನಗೆ ಖುಷಿಯಾಯಿತು. ಅವ್ವ ಒಳಗೆ ಕಾಲಿಡದೆ ಎರಡು ವರ್ಷವಾಗಿತ್ತಲ್ಲ. ಓಡಿಬಂದು, ನಿನ್ನಿಂದಲ್ಲ ಎಂದು ಈಗಲಾದರೂ ಒಪ್ಪಿಕೋ ಎಂದೆ.

ಅವಳು ಸೆರಗಿನಿಂದ ಅಂಗೈ ಮುಚ್ಚಿಕೊಂಡಳು.

“ದಿನಾ ಬಾಗ್ಲಲ್ಲಿ ನಿಂತ್ಕೊತಿದ್ನಲ್ಲ ಮಗ, ಗಾಳೀಲಿ ಒಳಕ್ಕೋಗಿರ್ಬೇಕು.”

ಅವತ್ತಿನಿಂದ ಅವಳು ಬಾಗಿಲ ಹತ್ತಿರವೂ ಬರುವುದಿಲ್ಲ. ಹುಳು ಜ್ವರಕ್ಕೆ ಯಾವಾಗ ಕೂರುತ್ತವೆ ಎಂದು ಈಗ ನಾನೇ ಊಹಿಸಿ ಸೊಪ್ಪು ನಿಲ್ಲಿಸುತ್ತೇನೆ. ಅರ್ಧಕ್ಕರ್ಧ ತಪ್ಪುತ್ತದೆ.