ಶುಕ್ರವಾರ ರಾಣಿಯನ್ನು ಬಿಡಬಾರದು

ನಮ್ಮ ಮನೆಯಲ್ಲಿ ಇಸ್ಪೀಟು ಎಂದರೆ ಜೂಜು, ಜೂಜೆಂದರೆ ಪಾಪ. ಯಜಮಾನರು ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿ ದಲಾಲಿ ಮಾಡುತ್ತಿದ್ದಾಗ, ಗಿರಾಕಿ ಇಲ್ಲದ ಮಧ್ಯಾಹ್ನ ಹಮಾಲರ ಜೊತೆ ಕೂತು ಇಸ್ಪೀಟಿನ ಎಲೆ ಹಾಕಿ ಬಂದರೆ, ಕೈಕಾಲು ತೊಳೆಯದೆ ಅವರನ್ನು ದೇವರ ಕೋಣೆಗೆ ಬಿಡುತ್ತಿರಲಿಲ್ಲ. ಅಂಥ ನಾನೇ ಈಗ ರೊಟ್ಟಿ ಬಡಿದ ಕೈ ಒರೆಸಿಕೊಂಡು ಫೋನಿನಲ್ಲಿ ಪೋಕರ್ ಆಡುತ್ತೇನೆ. ಯಾಕೆಂಬುದು ನಮ್ಮೂರ ದೇವರು ಸೋಮೇಶ್ವರನಿಗೆ ಗೊತ್ತು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಗದಗಿನ ಆಸ್ಪತ್ರೆಯಿಂದ ಮನೆಗೆ ತಂದಾಗ ಜೀವ ಉಳಿದಿತ್ತು, ಬಲಗೈ ಸೋತಿತ್ತು, ಮಾತು ಹೋಗಿತ್ತು. ಗಂಜಿ ಗಂಟಲಲ್ಲಿ ಸರಾಗ ಇಳಿಯುತ್ತಿತ್ತು, ಅಷ್ಟಾದರೂ ಉಳಿಸಿದೆಯಲ್ಲ ತಂದೆ ಎಂದು ಕೈಮುಗಿದೆ. ಆದರೆ ಒಂದು ಅಂಜಿಕೆ ಮಾತ್ರ ಹೋಗಲಿಲ್ಲ. ನಾನು ಮಾತಾಡಿದರೆ ಅವರು ನನ್ನ ಮುಖ ನೋಡುತ್ತಿದ್ದರು, ಅಷ್ಟೇ. ತಿಳಿದು ನೋಡುತ್ತಿದ್ದಾರೋ, ಬರೀ ಸಪ್ಪಳಕ್ಕೆ ತಿರುಗುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ನೋಡಲು ಬಂದವರು ಅವರೆದುರಿಗೇ ಕೇಳುತ್ತಿದ್ದರು.

"ಇವ್ರಿಗೆ ತಿಳೀತೈತೇನ್ರಿ?"

"ಎಲ್ಲಾ ತಿಳೀತೈತ್ರಿ" ಎನ್ನುತ್ತಿದ್ದೆ. ಹೇಳಿ ಒಳಗೆ ಹೋಗಿ, ಸುಮ್ಮನೆ ಡಬ್ಬಿ ಸರಿಸುತ್ತಾ ನಿಲ್ಲುತ್ತಿದ್ದೆ. ಮೂವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ ಆ ಮಂಚದ ಮೇಲೆ ಇದ್ದಾರೋ ಇಲ್ಲವೋ ಎಂಬುದೇ ನನಗೆ ತಿಳಿಯಬೇಕಾಗಿತ್ತು.

ತಲೆಗೆ ಏನಾದರೂ ಕೆಲಸ ಕೊಡಿ, ಅವರಿಗೆ ಸೇರುವಂಥದ್ದು ಮಾಡಿಸಿ ಎಂದಿದ್ದರು ಡಾಕ್ಟರು. ಮುಂಡರಗಿಗೆ ಕೊಟ್ಟ ಮಗಳು ನೋಡಲು ಬಂದವಳು ಥಟ್ಟನೆ ಹೇಳಿದಳು.

"ಅಪ್ಪಗ ಸೇರೋದು ಒಂದ ಅಲ್ಲೇನವ್ವಾ? ಇಸ್ಪೀಟ ಆಡ್ಸೂಣು."

"ಬ್ಯಾಡವಾ, ದೇವರಿರೋ ಮನಿ."

"ದೇವರಿಗೇನಾಗ್ತೈತಿ? ರೊಕ್ಕದ ಆಟ ಸರಕಾರನ ಬಂದ್ ಮಾಡೇತಿ. ಇದು ಫೋನಿನ್ಯಾಗ ಬರೇ ಸುಳ್ಳ ಬಿಲ್ಲಿ ಆಟ. ಸೋತ್ರ ನಾಳಿ ಮತ್ತ ಪುಕ್ಕಟೆ ಕೊಡ್ತಾರ."

ರಮ್ಮಿಗೆ ಹದಿಮೂರು ಎಲೆ ಜೋಡಿಸಬೇಕು, ಅವರ ಎಡಗೈಗೆ ಅದು ಆಗದು. ಪೋಕರ್‌ನಲ್ಲಿ ನಮಗೆ ಬರುವುದು ಎರಡೇ ಎಲೆ. ಮತ್ತೈದು ಎಲೆ ಎಲ್ಲರಿಗೂ ಸೇರಿ ನಡುವೆ ಬೀಳುತ್ತವೆ. ಕೈಯಲ್ಲಿರುವ ಎಲೆಗೆ ಅಲ್ಲಿ ಜೋಡಿ ಸಿಕ್ಕರೆ ನಮ್ಮ ಬಲ ಹೆಚ್ಚಿತು. ಒಂದೊಂದು ಸಲ ತೆರೆದಾಗಲೂ ಬಿಲ್ಲೆ ಹಾಕಿ ಮುಂದುವರಿಯಬೇಕು, ಇಲ್ಲವೇ ಎಲೆ ಚೆಲ್ಲಿ ಆಟ ಬಿಡಬೇಕು. ಅದಕ್ಕೆ ಗುಂಡಿ ಒತ್ತಿದರಾಯಿತು. ಹೊರಗಿನವರು ಬಾರದಂತೆ ನಮ್ಮ ಮೂವರಿಗೇ ಒಂದು ಟೇಬಲ್ ಮಾಡಿಕೊಟ್ಟು ಮಗಳು ಊರಿಗೆ ಹೋದಳು. ಮಧ್ಯಾಹ್ನ ಊಟವಾದ ಮೇಲೆ ಅವಳು ಮುಂಡರಗಿಯಿಂದ, ಯಜಮಾನರು ಪಡಸಾಲೆಯ ಮಂಚದಿಂದ, ನಾನು ಅಡುಗೆಮನೆಯಿಂದ ಆಡುವುದು. ಮಾತಾಡಲು ಮಗಳು ಮನೆಯ ಇನ್ನೊಂದು ಫೋನಿಗೆ ಕರೆ ಹಚ್ಚಿರುತ್ತಿದ್ದಳು, ಅದನ್ನು ನಾನು ಹೊಸ್ತಿಲ ಮೇಲೆ ಇಡುತ್ತಿದ್ದೆ.

ಮೊದಲ ದಿನ ನನ್ನ ಕೈಗೆ ಒಳ್ಳೆಯ ಎಲೆ ಬಂದ ಕೂಡಲೇ ಕೂಗಿದೆ. "ಏ, ನನಗ ಎಕ್ಕಾ ಬಂತು ನೋಡ್ರಿ!"

"ಅವ್ವಾ! ಎಲಿ ಹೇಳಬಾರದ!"

"ಮನಿ ಮಂದಿ ಮುಂದ ಏನ ಮುಚ್ಚಿಡೂದು?"

"ಅದ ಆಟ ಬೇ ಅದು!"

ಬರೀ ಅಂಜಿಕೆ ನನ್ನ ಆಟ. ಅವರಿಬ್ಬರಲ್ಲಿ ಯಾರಾದರೂ ಬಿಲ್ಲೆ ಏರಿಸಿದರೆ ಸಾಕು, ಎಲೆ ಚೆಲ್ಲಿಬಿಡುತ್ತಿದ್ದೆ. ಯಜಮಾನರು ಎಡಗೈ ಬೆರಳಿನಿಂದ ಒತ್ತುತ್ತಿದ್ದರು. ಒಮ್ಮೆ ಗೆಲ್ಲುತ್ತಿದ್ದರು, ಒಮ್ಮೆ ಸೋಲುತ್ತಿದ್ದರು. ತಿಳಿದು ಒತ್ತುತ್ತಿದ್ದಾರೋ, ಬೆರಳು ಹೋದಲ್ಲಿ ಒತ್ತುತ್ತಿದ್ದಾರೋ? ಆಟದಿಂದಲೂ ಅದು ತಿಳಿಯಲಿಲ್ಲ. ನಾವಿಬ್ಬರೂ ಬೇಕೆಂದೇ ಎಲೆ ಚೆಲ್ಲಿ ಅವರನ್ನು ಗೆಲ್ಲಿಸಿ ನೋಡಿದೆವು. ನಗಲಿಲ್ಲ. ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಗೋಡೆಯ ಕಡೆ ಹೊರಳಿದರು. ದಣಿದಿರಬೇಕು ಎಂದುಕೊಂಡೆ.

ಶುಕ್ರವಾರದ ಮಾತೇ ಬೇರೆಯಾಗಿತ್ತು. ಶುಕ್ರವಾರ ನಮ್ಮ ಮನೆಯಿಂದ ಲಕ್ಷ್ಮಿ ಹೊರಗೆ ಹೋಗುವುದಿಲ್ಲ. ಹಾಲು, ಉಪ್ಪು, ದುಡ್ಡು ಯಾವುದನ್ನೂ ಕೊಡುವುದಿಲ್ಲ. ಓಣಿಯವರು ಹೆಪ್ಪಿಗೆ ಮಜ್ಜಿಗೆ ಕೇಳಿದರೂ "ನಾಳಿ ಬರ್ರಿ ನಮ್ಮವ್ವಾ" ಎಂದುಬಿಡುತ್ತೇನೆ. ಆ ಫೋನಿನ ಎಲೆಯಲ್ಲಿ ರಾಣಿಯ ಚಿತ್ರ ನೋಡಿದ್ದೀರಲ್ಲ, ತಲೆಯ ಮೇಲೆ ಕಿರೀಟ, ಕೈಯಲ್ಲಿ ಹೂವು. ಅವಳನ್ನು ಶುಕ್ರವಾರದ ದಿನ ಚೆಲ್ಲಲು ನನ್ನ ಬೆರಳು ಏಳಲಿಲ್ಲ. ಜೊತೆಗಿರುವ ಎಲೆ ಎಷ್ಟೇ ಬಡವಾಗಿರಲಿ, ಅವರು ಎಷ್ಟೇ ಏರಿಸಲಿ, ರಾಣಿ ಬಂದರೆ ಕೊನೆಯ ತನಕ ಕೂರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಆಟದಲ್ಲಿ ದೇವರನ್ನು ತಂದಳು ಎಂದು ಮಗಳು ನಕ್ಕಾಳು ಎಂಬ ನಾಚಿಕೆ.

ಕೆಲವು ವಾರ ಕಳೆದ ಮೇಲೆ ಒಂದು ಶುಕ್ರವಾರ ನನ್ನ ಬಿಲ್ಲೆಯೆಲ್ಲಾ ಬಳಿದುಕೊಂಡು ಹೋಯಿತು. ಹಿಂದಿನ ಶುಕ್ರವಾರವೂ ಹಾಗೇ ಆಗಿತ್ತು. ಮಗಳು ಫೋನಿನಲ್ಲಿ ಕೇಳಿದಳು.

"ಅವ್ವಾ, ಅಪ್ಪ ಶುಕ್ರವಾರ ನಿನ್ನ ಹಿಂಗ್ಯಾಕ ಹೊಡೀತಾನ? ನಡುವ ರಾಣಿ ಬಿದ್ರ ಎಲಿ ಚೆಲ್ಲಿಬಿಡ್ತಾನ. ಬೀಳಲಿಲ್ಲಂದ್ರ ಏರಿಸ್ಕೊಂತ ಹೊಂಟಬಿಡ್ತಾನ. ನೀ ಏನರೆ ಎಲಿ ತೋರಿಸಿದೇನು?"

"ನಾ ಒಲಿ ಮುಂದಿಂದ ಎದ್ದಿಲ್ಲವಾ!"

ಪಡಸಾಲೆಗೆ ಹೋಗಿ ಅವರ ಮುಂದೆ ನಿಂತೆ. "ಹೆಂಗ ತಿಳೀತ್ರಿ ನಿಮಗ ನನ್ನ ಎಲಿ?" ಎಂದು ಕೇಳಿದೆ. ಉತ್ತರ ಬರುತ್ತದೆಂದು ಕೇಳಿದ್ದಲ್ಲ, ದಿನಾ ಮಾತಾಡಿಸುವ ರೂಢಿ.

ಅವರ ತುಟಿ ಅಲುಗಿತು. ಕತ್ತಿನ ನರ ಬಿಗಿಯಾದವು.

"ಶುಕ್ರ...ವಾರ" ಎಂದರು. ಉಸಿರು ತೆಗೆದುಕೊಂಡರು. "ನೀ... ರಾಣಿ... ಬಿಡಂಗಿಲ್ಲ."

ಹೊಸ್ತಿಲ ಮೇಲಿನ ಫೋನಿನಲ್ಲಿ ಮಗಳು "ಅಪ್ಪಾ ಮಾತಾಡಿದ್ನೇನವ್ವಾ? ಅಪ್ಪಾನ ಮಾತಾಡಿದ್ನೇನು?" ಎಂದು ಅಳುತ್ತಿದ್ದಳು. ಮಾತು ಬಂದದ್ದು ದೊಡ್ಡದೇ. ಆದರೆ ನನ್ನ ಎದೆಯ ಕಲ್ಲು ಇಳಿಸಿದ್ದು ಬೇರೆ. ಆಟದ ಕೊನೆಯಲ್ಲಿ ಎಲೆ ತೆರೆದಾಗಲೆಲ್ಲ ಅವರು ನನ್ನ ಎಲೆ ನೋಡಿದ್ದಾರೆ. ವಾರ ನೆನಪಿಟ್ಟಿದ್ದಾರೆ. ಹಾಲು ಕೇಳಲು ಬಂದವರನ್ನು ನಾನು ಬರಿಗೈಯಲ್ಲಿ ಕಳಿಸುವುದನ್ನು ಇಷ್ಟು ವರ್ಷ ಕಂಡವರು ಎರಡನ್ನೂ ಕೂಡಿಸಿದ್ದಾರೆ. ಪೇಟೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು, ಎದುರಿನವನ ಕಣ್ಣು ನೋಡಿಯೇ ದರ ಕಂಡುಹಿಡಿಯುತ್ತಿದ್ದ ಅದೇ ಮನುಷ್ಯ ಮಂಚದ ಮೇಲಿದ್ದರು. ಇಡಿಯಾಗಿ ಇದ್ದರು. ಆ ಸಂಜೆ ದೀಪ ಹಚ್ಚುವಾಗ ಏನೂ ಬೇಡಿಕೊಳ್ಳಲಿಲ್ಲ. ಬೇಡಲು ಏನೂ ಉಳಿದಿರಲಿಲ್ಲ.

ಮುಂದಿನ ಶುಕ್ರವಾರ ನನಗೆ ಬಂದದ್ದು ಒಂದು ಏಳು, ಒಂದು ಎರಡು. ಅದಕ್ಕಿಂತ ದರಿದ್ರ ಎಲೆ ಆ ಆಟದಲ್ಲಿಲ್ಲ. ಚೆಲ್ಲಬೇಕೆನ್ನುವಷ್ಟರಲ್ಲಿ ನನಗೇ ಗೊತ್ತಿಲ್ಲದ ಧೈರ್ಯ ಬಂದು ಕೂತೆ. ನಡುವೆ ರಾಣಿ ಬಿದ್ದಳು. ಎಂದೂ ಬಿಲ್ಲೆ ಏರಿಸದ ನಾನು ಏರಿಸಿದೆ. ಮಗಳು ಕೂಡಲೇ ಬಿಟ್ಟಳು. ಆಮೇಲೆ ಅವರೂ ಎಲೆ ಚೆಲ್ಲಿದರು.

ಗೆದ್ದವರು ಬೇಕಿದ್ದರೆ ತಮ್ಮ ಎಲೆ ತೋರಿಸಬಹುದು, ಅದಕ್ಕೊಂದು ಗುಂಡಿಯಿದೆ. ಒತ್ತಿದೆ.

"ಏ!" ಎಂದು ಪಡಸಾಲೆಯಿಂದ ಗುಡುಗು ಬಂತು. "ಎಲ್ಲೈತಿ ರಾಣಿ?"

ಮಾತಿನ ನಡುವೆ ಒಂದೂ ತಡೆಯಿಲ್ಲ, ಪೇಟೆಯಲ್ಲಿ ಕೂಗುತ್ತಿದ್ದಂಥದೇ ದನಿ.

"ಪ್ರತಿ ಶುಕ್ರವಾರ ಆಕಿ ನನ್ನ ಕಡೇನ ಬರಬೇಕೇನ್ರಿ?" ಎಂದೆ.

"ಮಳ್ಳಿ!" ಎಂದರು.

ಚಹಾ ಒಯ್ದು ಕೊಟ್ಟರೆ ಮುಟ್ಟಲಿಲ್ಲ, ಮುಖ ಗೋಡೆಯ ಕಡೆ. ಮೊದಲೂ ಹಾಗೇ, ಸಿಟ್ಟು ಬಂದರೆ ಚಹಾದ ಮೇಲೆ ತೀರಿಸಿಕೊಳ್ಳುತ್ತಿದ್ದರು. ಆಗೆಲ್ಲ ನನಗೂ ಸಿಟ್ಟು ಬರುತ್ತಿತ್ತು. ಈ ಸಲ ಆರಿದ್ದನ್ನು ಚೆಲ್ಲಿ, ಹೊಸದಾಗಿ ಶುಂಠಿ ಜಜ್ಜಿ ಹಾಕಿ, ಮತ್ತೊಮ್ಮೆ ಚಹಾಕ್ಕಿಟ್ಟೆ.