ಅಮ್ಮ ಹಾರಿಸಿದ ಕೊಕ್ಕರೆ

ಇವತ್ತು ರೂವಿ ಪೇಟೆಯ ಮಂಗಳೂರಿನವರ ಅಂಗಡಿಯಲ್ಲಿ ಕೊಕ್ಕರೆ ಚಿತ್ರದ ಜಪಾನಿ ಚಹಾ ಬಟ್ಟಲು ಕಂಡು ನಗು ಉಕ್ಕಿತು.

ನಾನು ಚಿಕ್ಕವಳಿದ್ದಾಗ ಸೊಹಾರ್ ಊರಿನಲ್ಲಿ ಅಪ್ಪನ ಜಪಾನಿ ಬಾಸ್ ನಮ್ಮನ್ನು ಮನೆಗೆ ಕರೆದಿದ್ದರು. ಅವರ ಹೆಂಡತಿ ತಾವೇ ಕೊಕ್ಕರೆ ಬರೆದ ಬಟ್ಟಲಿನಲ್ಲಿ ಹಸಿರು ಚಹಾ ಕೊಟ್ಟರು. ಎಂಜಲೆಂದು ನಮ್ಮಮ್ಮ ಯಾವ ಲೋಟವನ್ನೂ ಕಚ್ಚಿ ಕುಡಿದವಳಲ್ಲ.

"ಇಲ್ಲಾದ್ರೂ ಕಚ್ಚಿ ಕುಡಿಯೇ," ಅಪ್ಪ ಪಿಸುಗುಟ್ಟಿದರು.

"ಸುಮ್ನಿರಿ," ಅಂದವಳೇ ಆ ಅಗಲ ಬಟ್ಟಲನ್ನು ಎರಡೂ ಕೈಯಲ್ಲಿ ಮೇಲೆತ್ತಿ ಬಾಯಿಗೆ ಸುರಿದುಕೊಂಡಳು. ಕೆಲಸ ಹೋಯಿತೆಂದು ಅಪ್ಪ ಕಣ್ಣು ಮುಚ್ಚಿಕೊಂಡರು. ಸೀರೆಗೆ ಒಂದು ಹನಿಯೂ ಬೀಳಲಿಲ್ಲ!

ಬಾಸ್ ಹೆಂಡತಿ ಚಪ್ಪಾಳೆ ತಟ್ಟಿ, "ನನ್ನ ಕೊಕ್ಕರೆ ಇವತ್ತು ಹಾರಿತು," ಎಂದು ಬಟ್ಟಲನ್ನು ಅಮ್ಮನಿಗೇ ಕೊಟ್ಟುಬಿಟ್ಟರು.

"ಬೇಕಾ ಮೇಡಂ?" ಅಂಗಡಿಯವರು ಕೇಳಿದರು.

"ಬೇಡ. ನಮ್ಮನೇಲಿರೋದು ಹಾರುತ್ತೆ," ಅಂದೆ.