ಮುಚ್ಚಳಿಕೆ ಬರೆದ ಕೈ

ಬೆಂಗಳೂರು ಜಿಲ್ಲೆಯ ಪೊಲೀಸ್ ಠಾಣೆಗಳಲ್ಲಿ ದೂರು, ಹೇಳಿಕೆ, ಡೈರಿಗಳನ್ನು ಬರೆಯುವ ಹೆಡ್ ಕಾನ್‌ಸ್ಟೇಬಲ್‌ಗೆ ‘ರೈಟರ್’ ಎನ್ನುತ್ತಾರೆ. ಆ ಕೆಲಸದಲ್ಲಿ ಶ್ರೀ ಚಿಕ್ಕಬೀರಪ್ಪನವರಷ್ಟು ಹೆಸರು ಪಡೆದವರು ವಿರಳ. 1946ರಲ್ಲಿ ಸೇವೆಗೆ ಸೇರಿದ ಅವರು ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಸೀಮೆಗಳಲ್ಲಿ ದುಡಿದು 1977ರ ಜೂನ್‌ನಲ್ಲಿ ನಿವೃತ್ತರಾದರು. ಈ ಅಭಿನಂದನಾ ಸಂಪುಟಕ್ಕೆ ಒಪ್ಪುವಾಗ ಅವರು ಹಾಕಿದ್ದು ಒಂದೇ ಷರತ್ತು: 1968ರ ಸಂಗತಿ ಬಿಟ್ಟುಹೋಗಬಾರದು.

ಒಳ್ಳೆಯ ಠಾಣೆಯೆಂದರೆ ಕೇಸು ಕಡಿಮೆ ಇರುವ ಠಾಣೆ ಎಂದು ಅವರು ಕಲಿತಿದ್ದರು. ಗಂಡ ಹೆಂಡಿರ ಜಗಳ ಬಂದರೆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಬುದ್ಧಿ ಹೇಳಿ, ‘ಇನ್ನು ಅನ್ಯೋನ್ಯವಾಗಿರುತ್ತೇವೆ’ ಎಂದು ಮುಚ್ಚಳಿಕೆ ಬರೆದು, ಹೆಬ್ಬೆಟ್ಟು ಒತ್ತಿಸಿ ಕಳಿಸುವುದರಲ್ಲಿ ಅವರದು ಎತ್ತಿದ ಕೈ. ಹಸಿದು ಬಂದ ಹೆಂಗಸರಿಗೆ ತಮ್ಮ ಬುತ್ತಿಯನ್ನೇ ಬಿಚ್ಚಿಕೊಡುತ್ತಿದ್ದರು. ಅದರಲ್ಲಿ ಕಪಟವಿರಲಿಲ್ಲ, ಸಂಸಾರ ಉಳಿಸುತ್ತಿದ್ದೇನೆಂದೇ ನಂಬಿದ್ದರು.

1968ರಲ್ಲಿ ನಗರದಿಂದ ಕದಿರಮ್ಮ ಎಂಬ ಮಹಿಳಾ ಕಾನ್‌ಸ್ಟೇಬಲ್ ಅವರಿದ್ದ ಹೊಸಕೋಟೆ ಠಾಣೆಗೆ ಬಂದರು. ಹೇಳಿದವರು ಹೇಳಿದಂತೆ ಬರೆದುಕೊಳ್ಳುವುದೇ ಪೊಲೀಸರ ಮೊದಲ ಕೆಲಸವೆಂಬುದು ಆಕೆಯ ಮತ. ಆಷಾಢದ ಒಂದು ಬೆಳಿಗ್ಗೆ ಅನುಗೊಂಡನಹಳ್ಳಿ ಕಡೆಯ ಸೊಣ್ಣಮ್ಮ ಕತ್ತಿನ ಮೇಲೆ ಹಗ್ಗದ ಗುರುತು ಹೊತ್ತು ಬಂದಳು.

“ರೈಟರ್ ಸಾರ್, ಗಂಡ ಸಾಯಿಸ್ತಾನೆ ಅಂತಾಳೆ. ಅಷ್ಟು ಬರ್ಕೊಳ್ಳಿ, ಸಾಕು” ಎಂದರು ಕದಿರಮ್ಮ.

“ಬರೆದ್ರೆ ಸಂಸಾರ ಒಡೆದೋಯ್ತದೆ ಕಣಮ್ಮಾ. ನಿಂಗಿನ್ನೂ ಹೊಸ್ದು.”

“ಕದಿರಮ್ನೋರ ಮಾತು ಕೇಳಿದ್ರೆ ಊರಿನ ಗಂಡಸರಿಗೆಲ್ಲ ಲಾಕಪ್ಪೇ ಸಾಲ್ದು” ಎಂದು ಪೇದೆಯೊಬ್ಬ ನಗಿಸಿದ.

ಗಂಡನನ್ನು ಕರೆಸಿ ಮುಚ್ಚಳಿಕೆ ಬರೆದದ್ದಾಯಿತು. ಸೊಣ್ಣಮ್ಮನನ್ನು ಮನೆ ಮುಟ್ಟಿಸುವಂತೆ ಕದಿರಮ್ಮನವರಿಗೇ ಹುಕುಂ ಆಯಿತು. ಅವರು ಮುಟ್ಟಿಸಿ ಬಂದರು. ಒಂಬತ್ತನೆಯ ದಿನ ಸೊಣ್ಣಮ್ಮನ ಹೆಣ ಬಾವಿಯಲ್ಲಿ ಸಿಕ್ಕಿತು. ಹಗ್ಗದ ಗುರುತಿನ ಮಾತು ಠಾಣೆಯ ಯಾವ ಕಾಗದದಲ್ಲೂ ಇರಲಿಲ್ಲ. ಚಿಕ್ಕಬೀರಪ್ಪನವರ ದುಂಡು ಅಕ್ಷರದ ಮುಚ್ಚಳಿಕೆಯನ್ನೇ ಗಂಡ ತನ್ನ ಪರವಾಗಿ ಮುಂದಿಟ್ಟ. ಕಾಲು ಜಾರಿ ಬಿದ್ದದ್ದೆಂದು ಕಡತ ಮುಚ್ಚಿತು.

“ಬರೆದೋರು ನೀವು, ಕೈ ಹಿಡ್ಕೊಂಡು ಹೋಗಿ ಬಿಟ್ಟೋಳು ನಾನು. ಇಬ್ರೂ ಡ್ಯೂಟಿ ಮಾಡಿದ್ವಿ ಬಿಡಿ ಸಾರ್” ಎಂದಷ್ಟೇ ಹೇಳಿದ ಕದಿರಮ್ಮ, ನಗರಕ್ಕೆ ವರ್ಗ ಮಾಡಿಸಿಕೊಂಡರು.

ಮತ್ತೆಂದೂ ಚಿಕ್ಕಬೀರಪ್ಪನವರು ಮುಚ್ಚಳಿಕೆ ಬರೆಯಲಿಲ್ಲ. ಠಾಣೆಯ ಕೇಸುಗಳು ಏರಿದವು. ಮೇಲಧಿಕಾರಿಗಳು ‘ಅಸಮರ್ಥ’ ಎಂದು ಷರಾ ಬರೆದರು. ಉಳಿದ ಸೇವೆಯೆಲ್ಲ ಖಜಾನೆ ಪಹರೆಯಲ್ಲಿ ಕಳೆಯಿತು. ಅವರ ಜಾಗಕ್ಕೆ ಬಂದವರು ಮುಚ್ಚಳಿಕೆಗಳನ್ನು ಮುಂದುವರಿಸಿದರು, ಅದೂ ಅವರದೇ ಒಕ್ಕಣೆಯಲ್ಲಿ.

ಈಗ ಅವರು ತಾಲ್ಲೂಕು ಕಚೇರಿಯೆದುರು ಕುಳಿತು, ಹೆಂಗಸರು ಹೇಳಿದ್ದನ್ನು ಹೇಳಿದಂತೆಯೇ ಅರ್ಜಿಗೆ ಇಳಿಸುತ್ತಾರೆ. ಕಳೆದ ತಿಂಗಳು ಬರೆದ ನಾಲ್ಕೂ ಅರ್ಜಿಗಳು ಠಾಣೆಯಲ್ಲಿ ರಾಜಿಯಾಗಿ ಮುಗಿದಿವೆ.

ಇಂಥ ಲೇಖನವನ್ನು ಶತಾಯುಷ್ಯದ ಹಾರೈಕೆಯಿಂದ ಮುಗಿಸುವುದು ವಾಡಿಕೆ. ಆ ಸಾಲನ್ನು ಓದಿ ಕೇಳಿಸಿದಾಗ ಅವರು ತಡೆದರು.

“ನೂರು ವರ್ಷ ಅಂತ ಬೇಡಪ್ಪ. ಸೊಣ್ಣಮ್ಮಂಗೆ ಇಪ್ಪತ್ನಾಲ್ಕಾಗಿತ್ತು.”

ಸಾಲನ್ನು ತೆಗೆಯಲಾಗಿದೆ. ಐದನೆಯ ಅರ್ಜಿ ಬರೆಯಲು ಅವರ ಕೈ ಗಟ್ಟಿಯಾಗಿರಲಿ.